ಪುರಿ ಮುಟ್ಟದ ಕೊರವ

1962ರಲ್ಲಿ ನಾನು ಮೀನುಗಾರಿಕೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಕೆರೆಗಳಿಗೆ ಮರಿ ಬಿಡಿಸುವುದು, ಮೀನುಗಳ ರೋಗ ನೋಡುವುದು ನನ್ನ ಕೆಲಸ. ಜಯನಗರದಲ್ಲಿ ಬಾಡಿಗೆ ಮನೆ. ಬೀದಿಯವರಿಗೆಲ್ಲ ನಾನು ‘ಮೀನಿನ ಡಾಕ್ಟರು’. ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ವೆಂಕಟರಾಯರು ಓಡೋಡಿ ಬಂದರು.

“ಸ್ವಲ್ಪ ಬನ್ನಿ ಸಾರ್. ನಮ್ಮನೆಯವಳು ಊಟ ಬಿಟ್ಟು ಕೂತಿದಾಳೆ. ಸಾಕಿದ ಮೀನು ಏನಾದ್ರೂ ತಿನ್ನೋವರ್ಗೂ ತಾನೂ ತಿನ್ನಲ್ವಂತೆ!”

ವರಾಂಡದಲ್ಲಿ ಕಬ್ಬಿಣದ ಚೌಕಟ್ಟಿನ ಗಾಜಿನ ತೊಟ್ಟಿ. ಅದರೊಳಗೆ ಒಂದು ಮೊಳ ಉದ್ದದ ಕೊರವ ಮೀನು. ಹಾವಿನಂಥ ತಲೆ ಮಾತ್ರ ದಪ್ಪ, ಮೈ ಸೊರಗಿ ಕಡ್ಡಿಯಾಗಿತ್ತು. ಪಕ್ಕದಲ್ಲೇ ರಾಯರ ಹೆಂಡತಿ ಶಾರದಮ್ಮ ಕೂತಿದ್ದರು. ನೀರಿನ ಮೇಲೆ ನೆನೆದು ಉಬ್ಬಿದ ಪುರಿ ತೇಲುತ್ತಿತ್ತು.

ಆಗ ಸೊಳ್ಳೆ ಮರಿ ತಿನ್ನಲೆಂದು ಬಾವಿಗಳಿಗೆ ಪುಟ್ಟ ಮೀನು ಬಿಡುತ್ತಿದ್ದರು. ಇವರ ಬಾವಿಗೆ ಬಿಟ್ಟ ಮೀನುಗಳ ಜೊತೆ ಒಂದು ಕೊರವದ ಮರಿಯೂ ಸೇರಿಕೊಂಡಿತ್ತು. ಅದು ಮಿಕ್ಕವನ್ನೆಲ್ಲ ನುಂಗಿ, ಕಪ್ಪೆ ಹಿಡಿದು ಬೆಳೆಯಿತು. ಕೊರವ ಗಾಳಿ ಕುಡಿಯುವ ಮೀನು, ಆಗಾಗ ಮೇಲೆ ಬರಲೇಬೇಕು. ಅದು ತಾವು ಹಾಕುವ ಪುರಿಗಾಗಿಯೇ ಬರುತ್ತಿದೆ ಎಂದು ಶಾರದಮ್ಮ ವರ್ಷಗಟ್ಟಲೆ ನಂಬಿದ್ದರು. ಮೂರು ವಾರದ ಹಿಂದೆ ಹೂಳು ತೆಗೆಸಲು ಬಾವಿ ಬರಿದು ಮಾಡಿ ಮೀನನ್ನು ತೊಟ್ಟಿಗೆ ತಂದಿದ್ದರು. ಅಂದಿನಿಂದ ಅದಕ್ಕೆ ಉಪವಾಸ.

“ಇದು ಬೇಟೆ ಮೀನು ಅಮ್ಮಾ. ಓಡಾಡೋ ಜೀವ ಕಂಡ್ರೇನೇ ಬಾಯಿ ತೆಗೆಯೋದು,” ಎಂದೆ.

“ಶೃಂಗೇರೀಲಿ ಅಷ್ಟೊಂದು ಮೀನು ಪುರಿ ತಿನ್ನತ್ವೆ, ಇದಕ್ಕೇನ್ ಬಂತು ದೊಡ್ಡರೋಗ?”

“ಅದರ ಜಾತಿ ಬೇರೆ, ಇದರ ಜಾತಿ ಬೇರೆ.”

“ನಮ್ಮನೇಲಿ ಒಂದು ಇರುವೆ ಸಾಯಿಸಿದೋರಲ್ಲ ನಾವು. ಆಗಲ್ಲಪ್ಪಾ.”

ನನಗೂ ರೇಗಿತು. “ಹಂಗಾದ್ರೆ ಇದು ನಿಮ್ಮ ಕಣ್ಮುಂದೇನೇ ಸಾಯತ್ತೆ. ಕೂತು ನೋಡಿ,” ಎಂದುಬಿಟ್ಟೆ.

ಆಕೆ ತೇಲುತ್ತಿದ್ದ ಪುರಿಯನ್ನು ಬೊಗಸೆಯಲ್ಲಿ ಎತ್ತಿ ಹೊರಗೆ ಹಾಕಿದರು. ಕೊನೆಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಏನಾದ್ರೂ ಮಾಡಿ. ನಾನು ಗೋಡೆ ಕಡೆ ತಿರುಗಿರ್ತೀನಿ,” ಎಂದರು.

ಬಾವಿಗೋ ಕೆರೆಗೋ ಬಿಡೋಣವೆಂದರೆ ಅದಕ್ಕೆ ಬೇಟೆಯಾಡುವ ತ್ರಾಣವಿರಲಿಲ್ಲ. ಯಡಿಯೂರು ಕೆರೆಗೆ ಹೋಗಿ, ಪಂಚೆ ಎತ್ತಿ ಕಟ್ಟಿ, ದಡದ ಜೊಂಡಿನಲ್ಲಿ ಬಲೆ ಎಳೆದು ಒಂದಷ್ಟು ಬೆರಳುದ್ದದ ಮೀನು ಹಿಡಿದು ಪಾತ್ರೆಯಲ್ಲಿ ತಂದೆ. ಕೆರೆಯ ಮೀನಿಗೆ ಹೇನಿನಂಥ ಪರೋಪಜೀವಿಗಳು ಅಂಟಿರುತ್ತವೆ, ಹಾಗಾಗಿ ಮೊದಲು ಉಪ್ಪುನೀರಿನಲ್ಲಿ ಅದ್ದಿ ತೆಗೆದೆ. ಆಮೇಲೆ ಒಂದನ್ನು ತೊಟ್ಟಿಗೆ ಬಿಟ್ಟೆ.

ಕೊರವ ಅಲ್ಲಾಡಲಿಲ್ಲ. ಪುಟ್ಟ ಮೀನು ಅದರ ಮೂತಿಯ ಮುಂದೆಯೇ ಸುಳಿದಾಡಿತು. ಇನ್ನು ಇದರ ಕಥೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಅದರ ಎದೆಯ ರೆಕ್ಕೆಗಳು ಮೆಲ್ಲಗೆ ಬೀಸತೊಡಗಿದವು, ಬಾಲ ಬಿಲ್ಲಿನ ಹಾಗೆ ಬಾಗಿತು. ಟಪ್ ಎಂದು ಒಂದು ಸದ್ದು. ಪುಟ್ಟ ಮೀನು ಇದ್ದ ಜಾಗದಲ್ಲಿ ಬರೀ ನೀರು! ಕಣ್ಣು ಮಿಟುಕಿಸದೆ ನೋಡುತ್ತಿದ್ದ ನನಗೇ ಅದು ಬಾಯಿ ತೆರೆದದ್ದು ಕಾಣಲಿಲ್ಲ. ಎಷ್ಟೋ ಕೆರೆ ಸುತ್ತಿದವನು ನಾನು, ಆದರೂ ಮೈ ಜುಮ್ಮೆಂದಿತು.

ಸದ್ದಿಗೆ ಶಾರದಮ್ಮ ತಿರುಗಿಬಿಟ್ಟಿದ್ದರು. ಬಾಯಿಯ ಮೇಲೆ ಕೈ.

“ಅಬ್ಬಬ್ಬಾ! ಏನ್ ಶಕ್ತಿಯಪ್ಪಾ ಇದಕ್ಕೆ! ಇಷ್ಟು ದಿನ ಇದನ್ನ ಎಲ್ಲಿಟ್ಕೊಂಡಿತ್ತು?”

ರಾಯರು ಗಾಬರಿಯಿಂದ ಹೆಂಡತಿಯ ಮುಖ ನೋಡಿದರು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಆಕೆ ತೊಟ್ಟಿಯ ಹತ್ತಿರ ಬಂದು ಗಾಜಿಗೆ ಮುಖವಿಟ್ಟು ನೋಡಿದರು. ಕೊರವ ಮತ್ತೆ ಬಾಲ ಬಾಗಿಸಿ ಕಾಯುತ್ತಿತ್ತು.

ಸಾಕಿದ ಜೀವವನ್ನು ಅದರ ಹಸಿವಿನ ಸಮೇತ ಒಪ್ಪಿಕೊಳ್ಳಬೇಕೆಂದು ಮುಂದೆ ನನ್ನ ಕೈಕೆಳಗಿನವರಿಗೆಲ್ಲ ಹೇಳುತ್ತಾ ಬಂದೆ. ಅದನ್ನು ನನಗೆ ಕಲಿಸಿದವರು ಅಂದಿನ ಶಾರದಮ್ಮ. ಪಾತ್ರೆಯಲ್ಲಿ ಉಳಿದ ಮೀನುಗಳನ್ನು ನೋಡಿ ಆಕೆ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

“ಇನ್ನೊಂದು ಬಿಡಪ್ಪಾ. ಪಾಪ, ಅದಕ್ಕೆ ಹೊಟ್ಟೆ ತುಂಬಿಲ್ಲ.”