ದೇಸಾಯರ ವಾಡೆಯ ಬಾಗಿಲು

ರವಿವಾರ ಪೇಟೆಯ ಅಂಗಡಿಯಲ್ಲಿ ಇಂದು ಅಗಸೆ ಎಣ್ಣೆಯ ವಾಸನೆ ಬಂತು; ಹಳೆಯ ಹೊಟ್ಟೆಕಿಚ್ಚು ಭಗ್ಗೆಂದಿತು.

ನಾನು ಚಿಕ್ಕವನಿದ್ದಾಗ ಖಾನಾಪುರದಲ್ಲಿ ದೇಸಾಯರ ಪಾಳು ವಾಡೆಯನ್ನು ನನ್ನ ಸೋದರತ್ತೆ ಗೌರವ್ವ ಕಾಯುತ್ತಿದ್ದಳು. ಮಳೆಗಾಲಕ್ಕೆ ಮುಂಚೆ ಅದರ ಸಾಗವಾನಿ ಬಾಗಿಲಿಗೆ ಎಣ್ಣೆ ತಿಕ್ಕಿಸುತ್ತಿದ್ದಳು. ಆ ಮಹಾಪದವಿ ಯಾವಾಗಲೂ ಚಿಕ್ಕಪ್ಪನ ಮಗ ಬಸ್ಯಾನಿಗೇ. ನನಗೆ ಬಾವಲಿ ಹಿಕ್ಕೆ ಗುಡಿಸುವ ಸೇವೆ.

ಒಮ್ಮೆ ಅವನನ್ನು ಓಡಿಸಲು ಅಟ್ಟ ಹತ್ತಿ, ಸತ್ತ ದೇಸಾಯರ ದನಿಯಲ್ಲಿ ಗಂಭೀರವಾಗಿ ನರಳಿದೆ: "ಯಾರಲೇ ಅಂವಾ, ನನ್ನ ಬಾಗ್ಲಾ ಮುಟ್ಟಾಂವಾ?"

ಬಸ್ಯಾ ತಲೆಯೆತ್ತಿ ಕೈಮುಗಿದ. "ಧಣ್ಯಾರ, ಮ್ಯಾಲಿನ ಚೌಕಟ್ಟು ನಂಗ ನಿಲುಕವಲ್ದು. ಇಳದು ಬಂದು ಚೂರು ತಿಕ್ಕರಿ."

ಅತ್ತೆ ನಕ್ಕು ನಕ್ಕು ಕುಸಿದು ಕುಳಿತಳು. "ಭೂತಕ್ಕೂ ಕೆಲಸಾ ಹಚ್ಚಿದೆಲ್ಲೋ! ನನ್ನ ಹಿಂದ ಈ ವಾಡೇ ನೀನ ನೋಡ್ಕೋ," ಅಂದಳು, ಅದೂ ಅಟ್ಟದಲ್ಲಿದ್ದ ನನಗೆ ಕೇಳುವಂತೆ.

ಇಂದು ಸಂಜೆ ಖಾನಾಪುರಕ್ಕೆ ಹೋಗಿ ಬಂದೆ. ಅತ್ತೆ ತೀರಿಕೊಂಡ ಮೇಲೆ ಬಸ್ಯಾ ನೋಡಿಕೊಳ್ಳುತ್ತಿರುವ ವಾಡೆ ಗಟ್ಟಿಮುಟ್ಟಾಗಿದೆ. ಅದನ್ನು ನೋಡಲು ಸಾಲು ನಿಂತ ಪ್ರವಾಸಿಗರ ನಡುವೆ ನುಗ್ಗಿದ ನನಗೆ ಬಸ್ಯಾ ವಿನಯದಿಂದ ಹೇಳಿದ: "ಸಾಹೇಬ್ರ, ಪಾಳ್ಯಾಗ ನಿಂದರ್ರಿ."