ಕೊನೆಗೆ ಬಚ್ಚಲಿಗೆ ಬರುತ್ತಿದ್ದ ತಣ್ಣೀರು

ಪಾಂಡವಪುರದ ನಮ್ಮ ಬೀದಿಗೆ ಹೊಸ ನೀರಿನ ಲೈನು ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ನಾನು. ಇಪ್ಪತ್ತು ವರ್ಷದಿಂದ ಪ್ಲಂಬಿಂಗ್ ಕೆಲಸ ಮಾಡಿಕೊಂಡು ಬಂದವನು. ಇನ್ನು ಮೇಲೆ ಟ್ಯಾಂಕು ಬೇಡ, ಮೋಟರು ಬೇಡ. ಬೀದಿಯ ನೀರೇ ತನ್ನ ರಭಸಕ್ಕೆ ಶವರಿನ ತನಕ ಏರುತ್ತಿತ್ತು. ಆ ರಭಸ ನಂಬಿಕೊಂಡು ಮನೆಯ ಪೈಪುಗಳನ್ನೆಲ್ಲ ಹೊಸದಾಗಿ ಎಳೆದೆ. ಗೀಸರಿಗೆ ಜೋರಾಗಿ ನೀರು ಸಿಗಲೆಂದು ಗೇಟಿನ ಹತ್ತಿರದಿಂದಲೇ ಬೇರೆ ದಪ್ಪ ಪೈಪು ಕೊಟ್ಟೆ. ತಣ್ಣೀರಿಗೆ ಅರ್ಧ ಇಂಚಿನದು ಒಂದೇ. ಅದು ಮೊದಲು ಕೊಟ್ಟಿಗೆಗೆ ಹೋಗಿ, ಆಮೇಲೆ ಅಡುಗೆಮನೆಗೆ ಬಂದು, ಕಟ್ಟಕಡೆಗೆ ಬಚ್ಚಲು ಮುಟ್ಟುತ್ತಿತ್ತು. ಗೋಡೆ ಒಡೆಯುವ ಕೆಲಸ ಕಮ್ಮಿಯಾಯಿತಲ್ಲ ಎಂದು ಬೀಗಿದೆ. ಹಾಗೇ ಶ್ರೀರಂಗಪಟ್ಟಣದಲ್ಲೊಂದು, ಕೆ.ಆರ್. ಪೇಟೆಯಲ್ಲೊಂದು, ನಾಗಮಂಗಲದಲ್ಲೊಂದು ಮನೆಗೂ ಮಾಡಿಕೊಟ್ಟೆ.

ಅವ್ವನಿಗೆ ಆಗಲೇ ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿತ್ತು. ಆ ಕಡೆ ಚಿವುಟಿದರೂ ತಿಳಿಯುತ್ತಿರಲಿಲ್ಲ. ಮಾತೂ ನಿಂತಿತ್ತು. ನನ್ನ ಹೆಂಡತಿ ದಿನಾ ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೈ ತೊಳೆಸುತ್ತಿದ್ದಳು. ಅವತ್ತು ನೀರು ಹದ ಮಾಡಿ, ಕೈಯಿಟ್ಟು ನೋಡಿ, ಶವರನ್ನು ಗೋಡೆಗೆ ಸಿಕ್ಕಿಸಿ, ಟವಲು ತರಲು ಹಿತ್ತಲಿಗೆ ಹೋಗಿದ್ದಾಳೆ. ನಾನು ಅದೇ ಹೊತ್ತಿಗೆ ಹಸು ತೊಳೆಯಲು ಕೊಟ್ಟಿಗೆಯ ನಲ್ಲಿಯನ್ನು ಪೂರಾ ತಿರುಗಿಸಿದೆ.

ಹೆಂಡತಿ ಕಿರುಚಿದ್ದು ಕೇಳಿ ಓಡಿದೆ. ಬಚ್ಚಲ ತುಂಬ ಹಬೆ. ಅವ್ವನ ಎಡತೊಡೆಯಿಂದ ಪಾದದವರೆಗೆ ಕೆಂಪಾಗಿ ಚರ್ಮ ಸುಲಿದು ಬರುತ್ತಿತ್ತು. ಅವ್ವ ನಮ್ಮಿಬ್ಬರ ಮುಖ ನೋಡುತ್ತಿದ್ದಳು, ಏನಾಗಿದೆಯೆಂದು ನಮ್ಮನ್ನೇ ಕೇಳುವ ಹಾಗೆ. ಬಿಸಿನೀರು ನಿಲ್ಲಿಸಿ, ಸುಟ್ಟ ಕಾಲಿಗೆ ಹಾಕಲು ತಣ್ಣೀರಿನ ನಲ್ಲಿ ತಿರುಗಿಸಿದೆ. ನೂಲಿನಷ್ಟು ಸಣ್ಣಗೆ ಸುರಿಯಿತು. ಕೊಟ್ಟಿಗೆಯ ನಲ್ಲಿ ಇನ್ನೂ ತೆರೆದೇ ಇತ್ತು. ಆ ಗಳಿಗೆಯಲ್ಲೇ ನನಗೆ ಎಲ್ಲ ಗೊತ್ತಾಗಿಹೋಯಿತು. ತಣ್ಣೀರನ್ನೆಲ್ಲ ಕೊಟ್ಟಿಗೆ ಎಳೆದುಕೊಂಡಿತ್ತು. ಬೇರೆ ಪೈಪಿನಿಂದ ಬಂದ ಕುದಿನೀರು ಮಾತ್ರ ಅವ್ವನ ಮೇಲೆ ಬಿದ್ದಿತ್ತು. ಅಡುಗೆಮನೆಯ ಬಿಂದಿಗೆ ತಂದು ಸುರಿದೆ. ಅವಸರಕ್ಕೆ ಅರ್ಧ ನೀರು ನೆಲಕ್ಕೆ ಹೋಯಿತು.

ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಅಕ್ಕ ಬಂದವಳೇ ವಾರ್ಡಿನ ಬಾಗಿಲಲ್ಲಿ ನನ್ನ ಹೆಂಡತಿಯ ಮೇಲೆ ಹರಿಹಾಯ್ದಳು. "ನೋಡ್ಕಳಕ್ಕಾಗ್ದಿದ್ರೆ ಹೇಳ್ಬೇಕಾಗಿತ್ತು. ನಮ್ಮವ್ವನ್ನ ಬೇಯಿಸ್ಬುಟ್ಯಲ್ಲೇ!"

"ಕೈಯಿಟ್ಟು ನೋಡಿದ್ದೆ ಅಕ್ಕಾ. ಉಗುರುಬೆಚ್ಚಗಿತ್ತು," ಎಂದಳು ಇವಳು. ಅದನ್ನೇ ನರ್ಸಿಗೂ ಹೇಳಿದಳು, ನೋಡಲು ಬಂದ ನೆಂಟರಿಗೂ ಹೇಳಿದಳು. ಆಮೇಲಾಮೇಲೆ ಅವಳಿಗೇ ಅನುಮಾನ ಬಂತು. ಕೂತಲ್ಲೇ ಬಲಗೈಯನ್ನು ಗಾಳಿಯಲ್ಲಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. "ಯಾವ ಕಡೀಕ್ ತಿರುಗ್ಸುದ್ನೋ ಏನೋ. ನೀವಾದ್ರೂ ಹೇಳಿ."

ನಾನು ಬಾಯಿ ಬಿಡಲಿಲ್ಲ. ಊರಲ್ಲಿ ನನ್ನ ಕೈಗುಣಕ್ಕೆ ಹೆಸರಿತ್ತು. ಆ ಹೆಸರು ಹೋದರೆ ನಾನೇನು ಎಂಬ ಭಯ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೇ ಒಂಬತ್ತು ದಿನ ಕಳೆದೆ. ಅವ್ವನ ಜ್ವರ ಇಳಿಯಲಿಲ್ಲ. ಗಾಯ ಕೀವು ಕಟ್ಟಿತು. ಒಂಬತ್ತನೆಯ ದಿನ ನನ್ನ ಹೆಂಡತಿ ಊಟ ಬಿಟ್ಟಿದ್ದಾಳೆಂದು ಪಕ್ಕದ ಮಂಚದವರು ಹೇಳಿದರು. ಅವಳನ್ನು ಹೊರಗೆ ಬೆಂಚಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಪೈಪು ಎಳೆದ ರೀತಿಯನ್ನು ನೆಲದ ಮೇಲೆ ಬೆರಳಲ್ಲಿ ಗೀಚಿ ತೋರಿಸಿದೆ.

ಅವಳು ಅಳಲಿಲ್ಲ. "ಇದು ಯಾವತ್ ಗೊತ್ತಾಯ್ತು ನಿಮ್ಗೆ?" ಎಂದಳು.

"ಅವತ್ತೇ."

"ಒಂಬತ್ ದಿನ ಸುಮ್ಕಿದ್ರಾ?" ಎಂದು ಕೇಳಿ, ಎದ್ದು ಒಳಗೆ ಹೋದಳು.

ಸಂಜೆ ಅಕ್ಕನಿಗೂ ಹೇಳಿದೆ. ಅವಳು ಒಂದು ತಟ್ಟೆಯಲ್ಲಿ ಅನ್ನ ಕಲಸಿಕೊಂಡು ಹೋಗಿ ನನ್ನ ಹೆಂಡತಿಯ ಪಕ್ಕ ಕೂತಳು. ನನ್ನ ಕಡೆ ಇಬ್ಬರೂ ತಿರುಗಲಿಲ್ಲ.

ಮಿಕ್ಕ ಮೂರು ಮನೆಗಳ ನೆನಪಾಗಿ ಆಸ್ಪತ್ರೆಯಲ್ಲಿ ಕೂರಲಾಗಲಿಲ್ಲ. ಶ್ರೀರಂಗಪಟ್ಟಣದವರು, ಕೆ.ಆರ್. ಪೇಟೆಯವರು ಬೈದರೂ ಗೋಡೆ ಒಡೆಯಲು ಬಿಟ್ಟರು. ನಾಗಮಂಗಲದ ಮನೆಯ ಯಜಮಾನಿ ಬಾಗಿಲಲ್ಲೇ ನಿಲ್ಲಿಸಿದರು.

"ಮಗಳು ಬಾಣಂತಿ, ಕೂಸು ಮನೇಲದೆ. ಈಗ ಟೈಲ್ಸ್ ಒಡ್ದು ಧೂಳೆಬ್ಸೀಯಾ? ಮೂರ್ ತಿಂಗ್ಳು ಬುಟ್ಕೊಂಡ್ ಬಾ."

"ಕಾಲಿಗೆ ಬೀಳ್ತೀನಿ ಕಣವ್ವ. ಒಂದ್ಸಲ ಬಚ್ಚಲಲ್ಲಿ ಕೈಯಿಟ್ ನೋಡಿ."

ಅವರ ಕೈಯನ್ನು ಹದವಾದ ನೀರಿನ ಕೆಳಗೆ ಹಿಡಿಯಲು ಹೇಳಿ, ಹೊರಗೆ ಹೋಗಿ ಅಂಗಳದ ನಲ್ಲಿ ತಿರುಗಿಸಿದೆ. ಒಳಗಿಂದ "ಅಯ್ಯಪ್ಪಾ!" ಎಂದು ಕೂಗಿದರು. ಬೆರಳು ಬಾಯಿಗಿಟ್ಟುಕೊಂಡು ಹೊರಗೆ ಬಂದರು. ಒಳಗೆ ಕೂಸು ಅಳುತ್ತಿತ್ತು. ಬಾಣಂತಿಯನ್ನು ಪಕ್ಕದ ಮನೆಗೆ ಕಳಿಸಿ, "ಒಡಿ," ಎಂದರು. ಬಚ್ಚಲಿಗೆಂದೇ ಬೇರೆ ತಣ್ಣೀರಿನ ಪೈಪು ಎಳೆದೆ. ಬಿಸಿನೀರೂ ತಣ್ಣೀರೂ ಒಂದೇ ಜಾಗದಿಂದ ಕವಲೊಡೆಯುವಂತೆ ಮಾಡಿ, ಗೀಸರಿನ ಕಾವು ಇಳಿಸಿಟ್ಟೆ. ಮುಗಿಯುವ ಹೊತ್ತಿಗೆ ಎರಡು ದಿನವಾಗಿತ್ತು.

ಅವ್ವ ಉಳಿದಳು. ಒಂದೂವರೆ ತಿಂಗಳ ಮೇಲೆ ಮನೆಗೆ ಕರೆತಂದೆವು. ಮಡಿಸಿದ ಎಡ ಮೊಣಕಾಲು ಮತ್ತೆ ನೆಟ್ಟಗಾಗಲಿಲ್ಲ. ನೀರಿನ ಸದ್ದಾದರೆ ಬಲಗೈಯಿಂದ ಕುರ್ಚಿ ಗಟ್ಟಿಯಾಗಿ ಹಿಡಿಯುತ್ತಾಳೆ. ಮನೆಯ ಪೈಪುಗಳನ್ನೂ ಸರಿ ಮಾಡಿದ್ದೇನೆ. ಮೂರು ನಲ್ಲಿ ಒಟ್ಟಿಗೆ ತೆರೆದು ಹೆಂಡತಿಗೆ ತೋರಿಸಿದೆ. ನಿಂತು ನೋಡಿದಳು.

"ನಂಗೆ ಬಕೆಟ್ಟೇ ಸಾಕು," ಎಂದಳು.

ಈಗಲೂ ಬಕೆಟ್ಟಿಗೆ ಹಿಡಿದು, ಮೊಣಕೈ ಅದ್ದಿ ನೋಡಿ, ಚೊಂಬಿನಲ್ಲೇ ಹುಯ್ಯುತ್ತಾಳೆ. ಅವ್ವನನ್ನು ಎತ್ತಲು ಮಾತ್ರ ನನ್ನನ್ನು ಕರೆಯುತ್ತಾಳೆ. ಎತ್ತಿ ಮಲಗಿಸಿ ಹೊರಗೆ ಬರುತ್ತೇನೆ.