ಅರೆಬರೆ ಡಾಕ್ಟರು

ಇಸ್ತ್ರಿ ಅಂಗಡಿಯವನನ್ನು ಬೀದಿಯವರು ಅರೆಬರೆ ಡಾಕ್ಟರು ಎನ್ನುತ್ತಿದ್ದರು. ಪುಣ್ಯಾತ್ಮ ಅದನ್ನು ಬಿರುದೆಂದೇ ತಿಳಿದಿದ್ದ. ಹೆಂಡತಿಗೆ ಉರಿಮೂತ್ರ ಬಂದಾಗಲೆಲ್ಲ ತಾನೇ ಆಂಟಿಬಯೋಟಿಕ್ ತಂದು ಕೊಡುತ್ತಿದ್ದ. ಉರಿ ತಗ್ಗಿದೊಡನೆ ಮಿಕ್ಕ ಮಾತ್ರೆಗಳನ್ನು ಕಿತ್ತುಕೊಂಡು, ಕೆಮ್ಮಿದವರಿಗೆಲ್ಲ ಹಂಚಿ ದೊಡ್ಡಸ್ತಿಕೆ ಮೆರೆಯುತ್ತಿದ್ದ.

"ಪೂರ್ತಿ ನುಂಗ್ಬೇಕಂತೆ ಕಣ್ರೀ," ಎಂದು ಅವಳು ಹೇಳಿದರೆ, "ನಿಂಗೇನು ಗೊತ್ತು, ಸುಮ್ನಿರು," ಎಂದು ಬಾಯಿ ಮುಚ್ಚಿಸುತ್ತಿದ್ದ.

ಕೊನೆಗೊಮ್ಮೆ ಅವನ ಯಾವ ಮಾತ್ರೆಗೂ ಉರಿ ತಗ್ಗಲಿಲ್ಲ. ಚಳಿಜ್ವರ ಬಂದು, ಸೊಂಟ ಹಿಡಿದು ಅವಳು ಕುಸಿದಾಗ ಅವಳ ತಂಗಿ ಆಸ್ಪತ್ರೆಗೆ ಸೇರಿಸಿದಳು. ಮೂತ್ರ ಪರೀಕ್ಷೆಯ ಫಲಿತಾಂಶ ನೋಡಿದ ಡಾಕ್ಟರಮ್ಮ ಅವನತ್ತ ತಿರುಗಿದರು.

"ಬೇಕಾಬಿಟ್ಟಿ ಮಾತ್ರೆ ಕೊಟ್ಟಿದ್ದೀರಿ. ಸಾಯದೆ ಉಳಿದ ಗಟ್ಟಿಪಿಂಡ ಬ್ಯಾಕ್ಟೀರಿಯಾಗಳೇ ಈಗ ತುಂಬ್ಕೊಂಡಿವೆ. ಮಾತ್ರೆಗೆ ಬಗ್ಗಲ್ಲ, ಇಂಜೆಕ್ಷನ್ನೇ ಗತಿ."

"ಈಗಿನ ಮಾತ್ರೆಗಳಲ್ಲಿ ದಮ್ಮೇ ಇಲ್ಲ ಬಿಡಿ," ಎಂದ ಭೂಪ.

ಇಂಜೆಕ್ಷನ್ ಫಲಿಸಿ ಹೆಂಡತಿ ಬದುಕಿ ಬಂದಳು. ಅಂಗಡಿಯಲ್ಲಿ ಅವನು, "ನಾನು ಮೊದಲೇ ಔಷಧಿ ಕೊಟ್ಟಿದ್ದಕ್ಕೆ ಉಳಿದ್ಳು," ಎಂದು ಕೊಚ್ಚಿಕೊಳ್ಳತೊಡಗಿದಾಗ, ಅವಳು ಗಿರಾಕಿಗಳೆದುರೇ ಹೇಳಿದಳು:

"ನೀವು ಬಟ್ಟೆಗೆ ಇಸ್ತ್ರಿ ಉಜ್ಜಿದ್ರೆ ಸಾಕು. ಜನರನ್ನ ಅವರ ಪಾಡಿಗೆ ಬಿಡಿ."